ಬೋಟಿನ ಪಂಖಾ ಎಲ್ಲಿರಬೇಕು

ಬಸವಕಲ್ಯಾಣದ ಬಂಗ್ಲಾ ಕ್ರಾಸಿನಲ್ಲಿ ಹೆದ್ದಾರಿಯ ಎರಡೂ ಬದಿಗೆ ಲಾರಿಗಳನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಒಬ್ಬ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತಿರುತ್ತಾನೆ, ಪಕ್ಕದವನು ಸ್ಪ್ರಿಂಗಿನ ಪಾಟಾ ಬಡಿಯುತ್ತಿರುತ್ತಾನೆ, ಅದರಾಚೆ ಬಾಡಿ ಕಟ್ಟುವವರು, ಬಣ್ಣ ಬಳಿಯುವವರು. ನನ್ನದು ಎಂಜಿನ್ ಕೆಲಸ. ಅಂಥ ಜಾಗಕ್ಕೆ ಒಂದು ಮುಂಜಾನೆ, ಮುಂಬೈಯಿಂದ ವಾಪಸ್ ಬಂದ ಲಾರಿಯ ಮೇಲೆ ಬಿಳಿ ಬೋಟೊಂದು ಬಂತು. ಚಹಾದಂಗಡಿಯ ಬೆಂಚುಗಳು ಖಾಲಿಯಾದವು. "ಏನ್ ಮೇಸ್ತ್ರಿ, ಸಮುದ್ರ ಹಿಂದಿನ ಗಾಡಿಗೆ ಬರಾಕತ್ತದೇನು?" ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಾಯಿಗೆ ಬಂದಂತೆ ಬೈದುಬಿಟ್ಟೆ. ಬೋಟು ಯಾಕೆ ಬಂದಿದೆ ಎಂಬುದು ನಕ್ಕವರಿಗೂ ಗೊತ್ತಿತ್ತು.

ತರಿಸಿದವನು ನನ್ನ ಪಕ್ಕದ ವರ್ಕ್‌ಶಾಪಿನ ಭಾಯಿ. ಲಾರಿಗೆ ಬಾಡಿ, ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವುದು ಅವನ ಕಸುಬು. ನಮ್ಮಿಬ್ಬರ ಶೆಡ್ಡಿನ ನಡುವೆ ಒಂದು ತಗಡಿನ ಗೋಡೆ ಮಾತ್ರ. ನಾನು ಕೆಮ್ಮಿದರೆ ಅವನು ಆ ಕಡೆಯಿಂದ ನೀರು ಕುಡಿ ಎನ್ನುತ್ತಿದ್ದ. ತಾಯಿ ಬೇಗ ತೀರಿಹೋಗಿ, ಅವನನ್ನು ಸಾಕಿದ್ದು ಅಕ್ಕ. ಓಣಿಯೆಲ್ಲ ಆಕೆಯನ್ನು ಆಪಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಆಕೆ ಮದುವೆಯ ಗೊಡವೆಗೇ ಹೋಗಲಿಲ್ಲ. ಮಧ್ಯಾಹ್ನ ತಮ್ಮನಿಗೆ ರೊಟ್ಟಿ ತರುವಾಗ ನನ್ನ ಪಾಲಿನದನ್ನೂ ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದಳು. ಅವಳ ಕೈಯ ಜೋಳದ ರೊಟ್ಟಿ ಹಾಳೆಯಷ್ಟು ತೆಳ್ಳಗೆ. ನಾನು ಯಾರನ್ನೋ ಬೈಯುತ್ತಿದ್ದರೆ ಬಾಗಿಲಲ್ಲಿ ನಿಂತು, "ಮೇಸ್ತ್ರಿ, ಸಿಟ್ಟು ಕಡಿಮಿ ತಿನ್ನು, ರೊಟ್ಟಿ ಜಾಸ್ತಿ ತಿನ್ನು" ಎನ್ನುತ್ತಿದ್ದಳು. ನಾನು ಸುಮ್ಮನಾಗುತ್ತಿದ್ದೆ. ಆ ಧೈರ್ಯ ನನ್ನ ಹೆಂಡತಿಗೂ ಇರಲಿಲ್ಲ.

ರಮಜಾನ್ ಬರುವ ಮುಂಚೆ ಆ ಓಣಿಯ ಹೆಂಗಸರು ಮನೆಯಲ್ಲಿ ಹೊದೆಯುವ ಕೌದಿಗಳನ್ನೆಲ್ಲ ಗಂಟು ಕಟ್ಟಿಕೊಂಡು ಕೊಹಿನೂರ ಊರಿನ ಕಡೆಯ ಹಿನ್ನೀರಿಗೆ ಒಗೆಯಲು ಹೋಗುತ್ತಾರೆ. ನಲ್ಲಿ ನೀರಿಗೆ ಕೌದಿ ಬಗ್ಗುವುದಿಲ್ಲ. ನೆನೆದ ಕೌದಿಯೆಂದರೆ ಇಬ್ಬರು ಹಿಡಿದರೂ ಏಳದ ಭಾರ. ಆಪಾನ ಕೈಯಿಂದ ಒಂದು ಕೌದಿ ಜಾರಿತು, ಎಳೆದುಕೊಳ್ಳಲು ಎರಡು ಹೆಜ್ಜೆ ಮುಂದೆ ಹೋದಳು, ಅಲ್ಲಿ ಹಳೆಯ ಬಾವಿಯೊಂದು ಮುಳುಗಿತ್ತು. ಅಷ್ಟೇ. ದಂಡೆಯ ಮೇಲಿದ್ದ ಹೆಂಗಸರ ಕೂಗು ಕೇಳಿ ಹೊಲದವರು ಓಡಿಬಂದರು. ಲಾರಿ ಟ್ಯೂಬು ಕಟ್ಟಿಕೊಂಡು ಇಳಿದವರು ಕೈಲಾದಷ್ಟು ಹುಡುಕಿದರು. ದೂರದ ಊರಿನಿಂದ ಬಾಡಿಗೆಗೆ ತರಿಸಿದ ಬೋಟು ಬಂದು ಸೇರಿದ್ದು ಮರುದಿನ. ಭಾಯಿ ಅಲ್ಲಿಯವರೆಗೆ ದಂಡೆಯ ಕಲ್ಲಿನಿಂದ ಏಳಲೇ ಇಲ್ಲ. ಬೋಟು ಬಂದ ಮೇಲೆ ಆಪಾ ಸಿಕ್ಕಳು.

ಮಣ್ಣಿನ ದಿನ ಇನ್ನೊಂದು ಸಂಗತಿ ನಡೆಯಿತು. ಒಳಗೆ ಹೆಂಗಸರು ಮೈ ತೊಳೆಸುತ್ತಿದ್ದರು, ಹೊರಗೆ ನಾವೆಲ್ಲ ಕಾಯುತ್ತಿದ್ದೆವು. ಅಷ್ಟರಲ್ಲಿ ಭಾಯಿ ಯಾರಿಗೂ ಹೇಳದೆ ಎದ್ದು ಎಲ್ಲೋ ಹೋಗಿಬಿಟ್ಟ. ಫೋನು ಎತ್ತಲಿಲ್ಲ. ಹಿರಿಯರು ಗೊಣಗಿದರು, ಮಣ್ಣು ತಡವಾಗಬಾರದು ಎಂದರು. ಬಿಸಿಲು ಇಳಿಯುವ ಹೊತ್ತಿಗೆ ಬಂದ. ಪಾಯಿಜಾಮ ಸೊಂಟದವರೆಗೂ ಒದ್ದೆ, ಉಗುರಿನಲ್ಲಿ ಕೆಸರು. ದುಃಖ ತಡೆಯದೆ ನೀರಿನ ಹತ್ತಿರ ಹೋಗಿ ಕೂತಿದ್ದಾನೆ ಎಂದುಕೊಂಡೆ. ಕೇಳಲಿಲ್ಲ. ಅವನು ಅಳಲೂ ಇಲ್ಲ.

ಭಾಯಿ ಬೋಟಿನ ಮಾತು ತೆಗೆದದ್ದು ಅದಾದ ಮೇಲೆ. "ಇನ್ನೊಬ್ಬರ ಮನಿಯವರು ಹಂಗ ದಂಡಿ ಮ್ಯಾಲ ಕುಂತು ಕಾಯಬಾರದು ಮೇಸ್ತ್ರಿ. ಬೋಟ್ ನಮ್ಮ ಅಂಗಳದಾಗ ಇರಬೇಕು. ಕಲ್ಯಾಣದಾಗ ಆಗಲಿ, ಹುಮನಾಬಾದ ಕಡೆ ಆಗಲಿ, ಫೋನ್ ಬಂದ ಕೂಡಲೇ ಟ್ರೇಲರ್ ಜೀಪಿಗೆ ಕಟ್ಟಿ ಹೊಂಟುಬಿಡಬೇಕು." ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕ್ರಾಸಿನ ಎಲ್ಲ ಶೆಡ್ಡಿನವರೂ ತಮ್ಮಿಂದಾದದ್ದು ಕೊಟ್ಟರು.

ಬಂದದ್ದು ಬರೀ ಖಾಲಿ ಫೈಬರ್ ತೊಟ್ಟಿ. ಯಾರೋ ಕಟ್ಟಿಸಲು ಹೇಳಿ ನಡುವೆ ಕೈಬಿಟ್ಟದ್ದು. ಎಂಜಿನ್ ಇಲ್ಲ, ಸ್ಟೀರಿಂಗ್ ಇಲ್ಲ, ಎಲ್ಲಿಯೂ ಒಂದು ತೂತೂ ಇಲ್ಲ. ಮುಂಬೈಯ ಎಂಜಿನ್ ವ್ಯಾಪಾರಿ ಫೋನಿನ ವಿಡಿಯೋದಲ್ಲಿ ಎರಡು ತೋರಿಸಿದ. ಒಂದು ಸ್ಟರ್ನ್‌ಡ್ರೈವ್. ಅದರಲ್ಲಿ ಎಂಜಿನ್ ಬೋಟಿನ ಒಳಗೆ ಹಿಂಭಾಗದಲ್ಲಿ ಕೂರುತ್ತದೆ, ಹಿಂದಿನ ಗೋಡೆ ತೂರಿಕೊಂಡು ಒಂದು ಕಾಲು ಹೊರಗೆ ಇಳಿಯುತ್ತದೆ, ಆ ಕಾಲಿನ ತುದಿಗೆ ನೀರು ತಳ್ಳುವ ಪಂಖಾ. ನೀರು ಕಡಿಮೆಯಾದರೆ ಕಾಲನ್ನು ಮೇಲಕ್ಕೆತ್ತಬಹುದು. ಇನ್ನೊಂದು ವಿ-ಡ್ರೈವ್. ಅದರಲ್ಲೂ ಎಂಜಿನ್ ಹಿಂದೆಯೇ, ಆದರೆ ಮುಖ ತಿರುಗಿಸಿಕೊಂಡು. ಶಾಫ್ಟು ಮೊದಲು ಮುಂದಕ್ಕೆ ಹೋಗಿ, ಗೇರಿನಲ್ಲಿ ಹೊರಳಿ, ತಳ ಕೊರೆದುಕೊಂಡು ಮತ್ತೆ ಹಿಂದಕ್ಕೆ ಇಳಿಯುತ್ತದೆ. ಪಂಖಾ ಬೋಟಿನ ಹೊಟ್ಟೆಯ ಕೆಳಗೆ, ಹಿಂದೆ ನಿಂತವರಿಗೆ ಸಿಗದ ಹಾಗೆ. ಅದನ್ನು ಎತ್ತಲು ಬರುವುದಿಲ್ಲ.

ನನಗೆ ಯೋಚಿಸುವ ಮಾತೇ ಇರಲಿಲ್ಲ. ನಮ್ಮ ಕೆರೆ, ಹಿನ್ನೀರುಗಳ ದಂಡೆ ಗೊತ್ತಿದ್ದವರು ಯಾರಾದರೂ ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಮುಳುಗಿದ ಬದು, ಜಾಲಿಯ ಬೊಡ್ಡೆ, ಕಲ್ಲು. ಹೊಟ್ಟೆಯ ಕೆಳಗೆ ಪಂಖಾ ಜೋತುಬಿಟ್ಟುಕೊಂಡು ಅಲ್ಲಿ ಹೋದರೆ ಮೊದಲ ದಿನವೇ ಮುರಿಯುತ್ತದೆ. ಚಾಕ್‌ಪೀಸ್ ತೆಗೆದುಕೊಂಡು ಬೋಟಿನ ಹಿಂದಿನ ಗೋಡೆಗೆ ಒಂದು ಗುಂಡು ಗೆರೆ ಎಳೆದೆ. ಕೊರೆಯಬೇಕಾದದ್ದು ಇಲ್ಲಿ ಎಂದೆ. ಭಾಯಿ ಹೆಗಲ ಮೇಲಿನ ವಸ್ತ್ರದಿಂದ ಅದನ್ನು ಒರೆಸಿದ.

"ಯಾಕ ಒರಸಿದಿ?"

"ಪಂಖಾ ಹಿಂದ ಬ್ಯಾಡ. ಕೆಳಗ ಇರಲಿ."

"ಹುಚ್ಚು ಹಿಡದದೇನು ನಿನಗ? ದಂಡಿಗಿ ಬೋಟ್ ಹ್ಯಾಂಗ ತರ್ತಿ?"

"ದಂಡಿತನಕ ತರಲ್ಲ. ಆಳ ಇರೋತನಕ ಹೋಗಮು. ಮುಂದ ನಾ ಇಳದು ನಡೀತೀನಿ."

"ನಿನಗ ಈಸು ಬರಲ್ಲ!"

"ಜಾಕೆಟ್ ಹಾಕ್ಕೋತೀನಿ."

ತಲೆ ಕೆಟ್ಟುಹೋಯಿತು ನನಗೆ. ಮತ್ತೆ ಗೆರೆ ಎಳೆದೆ, ಅವನು ಮತ್ತೆ ಒರೆಸಿದ. ಹೀಗೇ ನಡೆಯಿತು ನಮ್ಮ ಜಗಳ. ಕ್ರಾಸಿನವರಿಗೆ ಅದೇ ತಮಾಷೆಯಾಯಿತು. ಬೆಳಿಗ್ಗೆ ಬಂದು ಗೆರೆ ಇದೆಯೋ ಇಲ್ಲವೋ ನೋಡಿ ಹೋಗುತ್ತಿದ್ದರು. ನಾನು ವಾದ ಮಾಡುವುದರಲ್ಲಿ ಏನೂ ಬಾಕಿ ಉಳಿಸಲಿಲ್ಲ. ವಿ-ಡ್ರೈವ್ ರಿವರ್ಸಿಗೆ ಮಾತು ಕೇಳುವುದಿಲ್ಲ, ಸ್ಟರ್ನ್‌ಡ್ರೈವ್ ಆದರೆ ಕಾಲು ತಿರುಗಿಸಿದತ್ತ ಹಿಂದಕ್ಕೆ ಬರುತ್ತದೆ ಎಂದೆ. "ಹಿಂದಕ್ಕ ಹೋಗೋದೇ ಬ್ಯಾಡ" ಎಂದ. ಟ್ರೇಲರ್ ಮೇಲೆ ಹೋಗುವಾಗ ರಸ್ತೆಯ ಹಂಪುಗಳಿಗೆ ಪಂಖಾ ಬಡಿಯುತ್ತದೆ ಎಂದೆ. "ಟ್ರೇಲರ್ ಕಟ್ಟಾವ ನಾ. ಅದು ನನಗ ಬಿಡು" ಎಂದ. ಅವನು ಹೇಳಿದ್ದರಲ್ಲಿ ಒಂದನ್ನು ಮಾತ್ರ ನಾನು ಒಪ್ಪಿಕೊಂಡೆ. ಸ್ಟರ್ನ್‌ಡ್ರೈವಿನ ಕಾಲು ಗೋಡೆಯಿಂದ ಹೊರಬರುವಲ್ಲಿ ನೀರು ಒಳನುಗ್ಗದಂತೆ ರಬ್ಬರಿನ ಬುರಖಾ ಇರುತ್ತದೆ. ನಮ್ಮ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತರೆ ಆ ರಬ್ಬರ್ ಬಿರುಕು ಬಿಡುವುದು ಖಂಡಿತ. ಆದರೆ ಅದನ್ನು ಬದಲಿಸಬಹುದಲ್ಲ! ವಿ-ಡ್ರೈವಿನಲ್ಲೂ ಶಾಫ್ಟು ತಳ ದಾಟುವಲ್ಲಿ ಹನಿ ಹನಿ ನೀರು ಜಿನುಗುತ್ತದೆ, ಅದಕ್ಕೇನು ಹೇಳುತ್ತೀ ಎಂದೆ. ಅವನು ಮತ್ತೆ ವಸ್ತ್ರ ಕೈಗೆತ್ತಿಕೊಂಡ.

ಕೊನೆಗೆ ನಾನು ಗಂಟಲು ಹರಿದುಕೊಂಡೆ. "ಪಂಖಾದ ಅಂಜಿಕಿ ಇದ್ರ ಮನುಷ್ಯ ಹಂತೇಲಿ ಬಂದ ಕೂಡಲೇ ಎಂಜಿನ್ ಬಂದ್ ಮಾಡು! ಮುಗೀತಲ್ಲ! ಅಷ್ಟಕ್ಕ ಇಡೀ ಬೋಟ್ ಕೆಡಸ್ತೀಯೇನು?"

ಅವನು ನನ್ನನ್ನೇ ನೋಡಿದ. "ಲಾರಿ ರಿವರ್ಸ್ ಬರುವಾಗ ಹಿಂದ ಕ್ಲೀನರ್ ನಿಂತು, ಆನೇ ದೋ, ಆನೇ ದೋ ಅಂತಾನ. ಬಾಡಿ ಬಡದು ಬಸ್, ಸಾಕು ಅಂತಾನ. ನೀರಾಗ ಬಸ್ ಅನ್ನಾವ ಯಾರು ಮೇಸ್ತ್ರಿ?" ಇಷ್ಟು ಹೇಳಿ ತನ್ನ ಶೆಡ್ಡಿಗೆ ಹೋಗಿ ವೆಲ್ಡಿಂಗ್ ಹಚ್ಚಿದ. ಆ ದಿನದಿಂದ ತಗಡಿನ ಗೋಡೆಯ ಆಚೆಯಿಂದ ಮಾತು ನಿಂತಿತು. ನಾನು ಕೆಮ್ಮಿದರೂ ಆ ಕಡೆ ಸುಮ್ಮನೆ.

ಮನೆಯಲ್ಲಿ ಊಟಕ್ಕೆ ಕೂತಾಗ ಅದೇ ಸಿಟ್ಟು. ಮೂವತ್ತು ವರ್ಷದ ಸ್ನೇಹ, ಒಂದು ತೂತಿನ ಸಲುವಾಗಿ ಮಾತು ಬಿಟ್ಟಿದ್ದಾನೆ, ಎಂಜಿನ್ ಬಗ್ಗೆ ಅವನಿಗೇನು ತಿಳಿಯುತ್ತದೆ ಎಂದೆಲ್ಲ ಒದರುತ್ತಿದ್ದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನಿಮಗ ಎಂಜಿನ್ ಬಿಟ್ರ ಮತ್ತೇನ್ ತಿಳಿತದ್ರಿ?" ಎಂದಳು. ತಮಾಷೆಯ ದನಿಯಲ್ಲ. "ಅವತ್ತು ಮಣ್ಣಿನ ದಿನ ಭಾಯಿ ಎಲ್ಲಿ ಹೋಗಿದ್ರು ಅಂತ ಗೊತ್ತದೇನು?"

"ನೀರಿನ ಹಂತೇಲಿ. ದುಃಖ ತಾಳಲಾರದ."

"ದುಃಖ ಇತ್ತು, ಖರೆ. ಆದರ ಅವರು ಹುಡಕಾಕ ಹೋಗಿದ್ರು."

ಒಲೆಯ ಉರಿ ಸಣ್ಣ ಮಾಡಿ ಆಕೆ ಹೇಳಿದಳು. ಅವತ್ತು ಒಳಗೆ ಪರದೆಯ ಪಕ್ಕ ಕೂತಿದ್ದಳಂತೆ. ಮೈ ತೊಳೆಸುವ ಹೆಂಗಸರು ತಾವು ನೋಡಿದ್ದನ್ನು ಯಾರ ಮುಂದೆಯೂ ಆಡುವುದಿಲ್ಲ, ಅದು ಅವರ ಕಟ್ಟಳೆ. ಆದರೆ ಅವತ್ತು ಹಿರಿಯ ಹೆಂಗಸು ಪರದೆಯ ಹತ್ತಿರ ಬಂದು, ಭಾಯಿಯನ್ನು ಕರೆಸಿ, ಮೆಲ್ಲಗೆ ಒಂದು ಮಾತು ಕೇಳಬೇಕಾಯಿತು. ನೀರಿನಲ್ಲಿ ಇನ್ನೇನಾದರೂ ಸಿಕ್ಕಿತ್ತೇ ಎಂದು. ಆಪಾನ ಬಲಗೈಯ ಬೆರಳುಗಳು ಇರಲಿಲ್ಲ. ಬಾಡಿಗೆ ಬೋಟು ಅವಳನ್ನು ಎತ್ತಿಕೊಳ್ಳಲು ಹಿಂದಕ್ಕೆ ಬಂದಾಗ ಪಂಖಾ ತಾಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಮೈಯ ಜೊತೆ ಮೈಯ ಭಾಗವೂ ಮಣ್ಣಿಗೆ ಹೋಗಬೇಕು. ಅದಕ್ಕೇ ಭಾಯಿ ಸೊಂಟದುದ್ದ ನೀರಿನಲ್ಲಿ ನಿಂತು, ಕೆಸರಿನಲ್ಲಿ ಕೈಯಾಡಿಸಿ ಹುಡುಕಿದ್ದ. ಸಿಗಲಿಲ್ಲ.

"ನೀ ನನಗ ಯಾಕ ಹೇಳಲಿಲ್ಲ?"

"ಹೇಳಬಾರದ ಮಾತ್ರಿ ಅದು. ಇವತ್ತೂ ಹೇಳಬಾರದಿತ್ತು. ನೀವು ಆ ಮನುಷ್ಯನ್ನ ಇನ್ನೂ ಸುಡಾಕತ್ತೀರಲ್ಲ, ಅದಕ್ಕ ಹೇಳಿದೆ."

ತಟ್ಟೆಯಲ್ಲಿ ರೊಟ್ಟಿ ಹಾಗೇ ಉಳಿಯಿತು. ನನಗೆ ಆ ಕೈಯೇ ಕಣ್ಣ ಮುಂದೆ ಬಂತು, ಬಟ್ಟೆಯ ಗಂಟು ಬಿಚ್ಚುವ ಕೈ. ಎದ್ದು ಅಂಗಳಕ್ಕೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತೆ.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿಗೆ ಹೋಗಿ ಬೋಟಿನ ಹಿಂದಿನ ಗೋಡೆಯ ಮೇಲಿದ್ದ ನನ್ನ ಗೆರೆಯನ್ನು ನಾನೇ ಒರೆಸಿದೆ. ಬೋಟಿನ ಕೆಳಗೆ ಮಲಗಿ ತಳಕ್ಕೆ ಒಂದು ಗುರುತು ಹಾಕಿದೆ. ಆಮೇಲೆ ತಗಡಿನ ಗೋಡೆ ಬಡಿದೆ. "ಭಾಯಿ, ಬಂದು ನೋಡು. ಶಾಫ್ಟ್ ಇಲ್ಲಿಂದ ಇಳಿಸಿದ್ರ ಆಗ್ತದೇನು?" ಅವನು ಬಂದು, ಬಗ್ಗಿ ನೋಡಿದ. ನನ್ನ ಮುಖವನ್ನೂ ನೋಡಿದ. ನನಗೆ ಗೊತ್ತಾಗಿದೆ ಎಂದು ಅವನಿಗೆ ತಿಳಿಯಿತು ಅನ್ನಿಸುತ್ತದೆ. ಇಬ್ಬರೂ ಆ ಮಾತು ಎತ್ತಲಿಲ್ಲ. "ಒಂದ್ ಗೇಣು ಮುಂದ ತಗೋ" ಎಂದ, ಅಷ್ಟೇ.

ವಿ-ಡ್ರೈವ್ ಆರಿಸಿಕೊಂಡ ಮೇಲೆ ಅದರ ಕಷ್ಟವನ್ನೂ ಹೊರಬೇಕಲ್ಲ. ಪಂಖಾ, ಚುಕ್ಕಾಣಿ ಎರಡೂ ಕೆಳಗೆ ಇಳಿದಿದ್ದರಿಂದ ಬೋಟನ್ನು ಟ್ರೇಲರಿನ ಮೇಲೆ ಎತ್ತರಕ್ಕೆ ಕೂರಿಸಬೇಕಾಯಿತು. ಎತ್ತರಕ್ಕೆ ಕೂತ ಬೋಟು ತೇಲಬೇಕಾದರೆ ಟ್ರೇಲರ್ ಆಳದವರೆಗೆ ಇಳಿಯಬೇಕು, ಅಷ್ಟು ಇಳಿದರೆ ಜೀಪೂ ಮುಳುಗುತ್ತದೆ. ಭಾಯಿ ಎತ್ತಿನ ಗಾಡಿಗೆ ಇರುವಂತೆ ಟ್ರೇಲರಿಗೆ ಉದ್ದನೆಯ ಕಬ್ಬಿಣದ ಮೂಕಿ ಮಾಡಿದ, ಒಳಗೊಳಗೇ ಜಾರಿ ಇನ್ನೂ ಉದ್ದವಾಗುವ ಹಾಗೆ. ಟ್ರೇಲರಿನಲ್ಲೇ, ಪಂಖಾದ ಸುತ್ತ, ರಸ್ತೆಯ ಹಂಪು ತಾಗದಂತೆ ಪಟ್ಟಿಯ ಪಂಜರ ಕಟ್ಟಿದ. ಬೋಟಿನ ಹಿಂದೆ, ನೀರಿನ ಮಟ್ಟಕ್ಕೆ, ಒಂದು ಅಗಲವಾದ ಹಲಗೆ ಕೂರಿಸಿದ. ಅದರ ಅಂಚುಗಳನ್ನು ಕೈಯಿಂದಲೇ ಉಜ್ಜಿ ಉಜ್ಜಿ ನುಣುಪು ಮಾಡಿದ. ಲಾರಿಯ ಬಾಡಿ ಕಟ್ಟುವಾಗ ಅವನು ಅಂಥ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ.

ಎಂಜಿನ್ ಕೂರಿಸಿದ ದಿನ ನಾವು ಲಾರಿಯವರ ಬುದ್ಧಿ ತೋರಿಸಿದೆವು. ಹೊಸ ಗಾಡಿ ಅಂದಮೇಲೆ ಕ್ರಾಸಿನಲ್ಲಿ ಒಂದು ಪದ್ಧತಿ ಇದೆ. ಟ್ರೇಲರಿನ ಗಾಲಿಗೆ ನಿಂಬೆಹಣ್ಣು ಇಟ್ಟರು, ನಾನು ಕಾಯಿ ಒಡೆದೆ, ಭಾಯಿ ಊದುಬತ್ತಿ ಹಚ್ಚಿ ಫಾತೆಹಾ ಓದಿಸಿ ಸಕ್ಕರೆ ಹಂಚಿದ. ಆಮೇಲೆ ಎಲ್ಲರಿಗೂ ಎಂಜಿನಿನ ಸದ್ದು ಕೇಳಬೇಕು. ಅಂಗಳದಲ್ಲೇ ಸ್ಟಾರ್ಟ್ ಮಾಡಿ ಭರ್ರೆಂದು ರೇಸ್ ಕೊಟ್ಟೆ. ಜನ ಚಪ್ಪಾಳೆ ಹೊಡೆದರು. ಒಂದು ಗಳಿಗೆಯಲ್ಲಿ ರಬ್ಬರ್ ಸುಟ್ಟ ವಾಸನೆ. ಅಯ್ಯೋ! ಬೋಟಿನ ಎಂಜಿನ್ ತಣ್ಣಗಿರಲು ಕೆಳಗಿನ ನೀರನ್ನೇ ಎಳೆದುಕೊಳ್ಳುತ್ತದೆ, ಅಂಗಳದಲ್ಲಿ ಎಳೆಯಲು ನೀರೆಲ್ಲಿದೆ? ಪಂಪಿನ ರಬ್ಬರಿನ ಎಸಳುಗಳೆಲ್ಲ ಕರಕಲು. ಇಷ್ಟು ವರ್ಷದ ಎಂಜಿನ್ ಮೇಸ್ತ್ರಿ ನಾನು, ಮಣ್ಣಿನ ಮೇಲೆ ಬೋಟು ಓಡಿಸಿದೆ. ಎಲ್ಲರೂ ಉಸಿರು ಬಿಗಿಹಿಡಿದು ನಾನು ಯಾರನ್ನು ಬೈಯುತ್ತೇನೋ ಎಂದು ಕಾದರು. ಭಾಯಿ ಒಮ್ಮೆಲೇ ನಕ್ಕುಬಿಟ್ಟ. "ಸಿಟ್ಟು ಕಡಿಮಿ ತಿನ್ನು ಮೇಸ್ತ್ರಿ" ಎಂದ. ಆಪಾ ಹೋದ ಮೇಲೆ ಅವನ ನಗು ಕೇಳಿದ್ದು ಆಗಲೇ. ಮುಂಬೈಯಿಂದ ಬೇರೆ ರಬ್ಬರ್ ಬರುವವರೆಗೆ ಬೋಟು ನಿಂಬೆಹಣ್ಣಿನ ಮೇಲೇ ನಿಂತಿತ್ತು.

ರಬ್ಬರ್ ಬಂದ ಮೇಲೆ ಹಿನ್ನೀರಿನಲ್ಲಿ ಕಲಿತೆವು. ಸ್ಟೀರಿಂಗಿಗೆ ನಾನು, ನೀರಿಗೆ ಭಾಯಿ. ಹಿಂದಕ್ಕೆ ಎಂದೂ ಹೋಗುವುದಿಲ್ಲ ಎಂದು ಗೊತ್ತು ಮಾಡಿಕೊಂಡೆವು. ಮುಂದಿನಿಂದ ಹೋಗುವುದು, ಆಳ ಮುಗಿಯುವಲ್ಲಿ ನಿಲ್ಲುವುದು. ಜಾಕೆಟ್ ಹಾಕಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಭಾಯಿ ಇಳಿಯುತ್ತಾನೆ. ಇಳಿಯುವ ಮುಂಚೆ ಬೋಟಿನ ಮೈಗೆ ಅಂಗೈಯಿಂದ ಎರಡು ಏಟು ಬಡಿಯುತ್ತಾನೆ, ಕ್ಲೀನರುಗಳು ಲಾರಿಗೆ ಬಡಿಯುವಂತೆ. "ಬಸ್." ನಾನು ಕೀಲಿ ತಿರುಗಿಸಿ, ಹೊರಗೆ ಕಿತ್ತು, ಕೈಯೆತ್ತಿ ಅವನಿಗೆ ತೋರಿಸಬೇಕು. ತೋರಿಸದೆ ಅವನು ನೀರಿಗೆ ಕಾಲಿಡುವುದಿಲ್ಲ.

ಮೊದಲ ಫೋನ್ ಬಂದದ್ದು ಮಳೆಗಾಲ ಮುಗಿಯುತ್ತಿದ್ದಾಗ, ಹುಮನಾಬಾದದಾಚೆ ಹುಡಗಿ ಎಂಬ ಊರಿನ ಕಡೆಯಿಂದ. ಎಮ್ಮೆ ತೊಳೆಯಲು ಕೆರೆಗೆ ಇಳಿದ ಕೂಲಿ ಹೆಂಗಸೊಬ್ಬಳು ಮುಳುಗಿದ್ದಳು. ನಾವು ಹೋಗಿ ಸೇರುವಷ್ಟರಲ್ಲಿ ಬದುಕಿಸುವ ಹೊತ್ತು ಮೀರಿತ್ತು. ದಂಡೆಯ ಮೇಲೆ ಗಂಡ ಕೂತಿದ್ದ. ಅವನು ಕೂತ ರೀತಿ ನೋಡಿ ಭಾಯಿ ಕಣ್ಣು ಬೇರೆ ಕಡೆ ತಿರುಗಿಸಿದ.

ಕೆರೆಯ ಮೀನುಗಾರರು ಕೈ ತೋರಿಸಿದ ಕಡೆ ಹೋದೆವು. ಸ್ವಲ್ಪ ಹೊತ್ತಿನಲ್ಲಿ ಅಂತರಗಂಗೆಯ ಬಳ್ಳಿಗಳ ನಡುವೆ ಸೀರೆಯ ಬಣ್ಣ ಕಂಡಿತು. ಅಲ್ಲಿ ನೀರು ಎದೆಯುದ್ದವೂ ಇರಲಿಲ್ಲ, ತಳದಲ್ಲಿ ಕಲ್ಲು. ಸ್ಟರ್ನ್‌ಡ್ರೈವ್ ಆಗಿದ್ದರೆ ಕಾಲೆತ್ತಿಕೊಂಡು ಅವಳ ಪಕ್ಕಕ್ಕೇ ಹೋಗಬಹುದಿತ್ತು. ನನ್ನ ಮೇಸ್ತ್ರಿ ತಲೆಗೆ ಅದು ಬರದೇ ಇರಲಿಲ್ಲ. ಬೋಟಿನ ಮೈಗೆ ಎರಡು ಏಟು ಬಿತ್ತು. "ಬಸ್." ಕೀಲಿ ಕಿತ್ತು ತೋರಿಸಿದೆ. ಭಾಯಿ ಇಳಿದು, ಬಳ್ಳಿ ಬಿಡಿಸುತ್ತ, ಜಾರುತ್ತ ನಡೆದ. ಹಗ್ಗ ನನ್ನ ಕೈಯಲ್ಲಿತ್ತು. ಅವಳ ಹತ್ತಿರ ಹೋಗಿ ಮೊದಲು ಸೆರಗನ್ನು ಸರಿ ಮಾಡಿದ. ಎರಡೂ ಕೈಗಳನ್ನು ಎದೆಯ ಮೇಲೆ ಮಡಚಿ, ತನ್ನ ಹೆಗಲ ವಸ್ತ್ರದಿಂದ ಕಟ್ಟಿದ. ಮಲಗಿದ ಮಗುವನ್ನು ತರುವಂತೆ ತೇಲಿಸಿಕೊಂಡು ತಂದು, ಬೋಟಿನ ಹಿಂದೆ, ಆ ನುಣುಪಾದ ಹಲಗೆಯ ಮೇಲೆ ಎತ್ತಿ ಮಲಗಿಸಿದ.

ದಂಡೆಗೆ ತಂದು ಒಪ್ಪಿಸಿದೆವು. ಪಂಚನಾಮೆ ಮುಗಿಯಿತು, ಊರವರು ಮನೆಗೆ ಒಯ್ದರು. ನಮ್ಮ ಕೆಲಸ ಅಲ್ಲಿಗೆ ಆಗಿತ್ತು. ಬೋಟು ಟ್ರೇಲರಿಗೆ ಏರಿಸಿ, ನಡಿ ಹೋಗೋಣ ಎಂದೆ. ಭಾಯಿ ಜೀಪನ್ನು ಆ ಮನೆಯ ಓಣಿಯ ತುದಿಯಲ್ಲಿ ನಿಲ್ಲಿಸಿದ. ಒದ್ದೆ ಬಟ್ಟೆಯಲ್ಲೇ ಟ್ರೇಲರಿನ ಗಾಲಿಗೆ ಒರಗಿ ನಿಂತ. ಒಳಗೆ ಹೆಂಗಸರ ಅಳು, ನೀರು ಹೊಯ್ಯುವ ಸದ್ದು. ನನ್ನಂಥ ಮುಂಗೋಪಿಗೂ ಅವತ್ತು ಅವಸರ ಮಾಡಲು ಮನಸ್ಸಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಒಬ್ಬ ಮುದುಕಿ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ನಮ್ಮ ಕಡೆ ಬಂದಳು. "ಕೈಕಾಲು ತೊಳಕೊಳ್ರಿ ಯಪ್ಪಾ. ಭಾಳ ಉಪಕಾರ ಮಾಡೀರಿ" ಎಂದಳು. ಭಾಯಿ ತಂಬಿಗೆ ತೆಗೆದುಕೊಳ್ಳಲಿಲ್ಲ.

"ಅವ್ವಾ, ಮೈ ತೊಳದ್ರೇನು?"

"ಹೌದಪ್ಪ, ಈಗ ಆತು."

"ಕೈ..." ಎಂದ.

ಮುದುಕಿಗೆ ಅವನು ಕೇಳಿದ್ದು ಏನೆಂದು ಅರ್ಥವಾಗಲಿಲ್ಲ. ಆದರೂ ಅವನ ಮುಖ ನೋಡಿ ಹತ್ತಿರ ಬಂದಳು. "ಎರಡೂ ಕೈ ಛಂದ ಅವ ನೋಡು ಮಗಾ. ಮೈಮ್ಯಾಲ ಒಂದ್ ಗೀರಿಲ್ಲ. ಕೈಯಾಗಿನ ಬಳಿ ಸುದ್ದಾ ಒಡದಿಲ್ಲ."

ಭಾಯಿ ಅಲ್ಲೇ ಗಾಲಿಯ ಪಕ್ಕ ನೆಲಕ್ಕೆ ಕೂತುಬಿಟ್ಟ. ಆಪಾ ಎಂದು ಒಂದು ಸಲ ಕೂಗಿದ, ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದ. ಮುದುಕಿ ತಂಬಿಗೆ ನನ್ನ ಕೈಗೆ ಕೊಟ್ಟು ಅವನ ಪಕ್ಕದಲ್ಲಿ ಕೂತಳು. ತಮ್ಮ ಮನೆಯ ಸಾವಿಗೇ ಅವನು ಅಳುತ್ತಿದ್ದಾನೆ ಎಂದುಕೊಂಡು ಅವನ ಬೆನ್ನು ಸವರುತ್ತಿದ್ದಳು. ನಾನು ನೀರು ಹಿಡಿದುಕೊಂಡು ನಿಂತಿದ್ದೆ.